ಬೆಂಕಿಯ ಪಾಠ ರಜೆಗೆ ಮುನ್ನವೇ ಆಗಲಿ

ಸಿಂಧನೂರು–ರಾಯಚೂರು ರಸ್ತೆಯ ಜವಳಗೇರಾ ಭತ್ತದ ಸೀಮೆಯ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳು ಕೊಯ್ಲಾದರೆ ಮನೆಗಳ ಪಕ್ಕದಲ್ಲಿ ಹುಲ್ಲಿನ ಬಣವೆಗಳು ಏಳುತ್ತವೆ. ದನಗಳಿಗೆ ವರ್ಷದ ಮೇವು ಅದು. ಬೇಸಿಗೆಯಲ್ಲಿ ಅದಕ್ಕೆ ಯಾರೋ ಎಸೆದ ಬೀಡಿ ತುಂಡು ಅಥವಾ ಮೇಲೆ ಹಾದುಹೋದ ತಂತಿಯ ಒಂದು ಕಿಡಿ ಸಾಕು. ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಬರಬೇಕು. ಅದು ಬರುವವರೆಗೆ ಬಣವೆಯ ಬಳಿ ಇರುವವರು ಯಾರು? ದೊಡ್ಡವರು ಹೊಲದಲ್ಲಿರುತ್ತಾರೆ. ಮನೆಯಲ್ಲಿ ಅಜ್ಜಿ ಮತ್ತು ರಜೆಯ ಮಕ್ಕಳು.

ಈ ಮಕ್ಕಳಿಗೆ ಕಲಿಸುವ ಏರ್ಪಾಡು ಇಲ್ಲವೆಂದಲ್ಲ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ ಬೇಲುಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತಿದ್ದ 'ಫೋರ್ಟ್ ಸ್ಟಿಕಿನ್' ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅವರ ನೆನಪಿಗೆ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಠಾಣೆಯ ಸಿಬ್ಬಂದಿ ಊರೂರಿಗೆ ಬಂದು ಪ್ರಾತ್ಯಕ್ಷಿಕೆ ತೋರಿಸುತ್ತಾರೆ. ತೊಡಕೆಂದರೆ, ಆ ವಾರಕ್ಕೆ ರಾಜ್ಯದ ಶಾಲೆಗಳು ಬೇಸಿಗೆ ರಜೆಗೆ ಬಾಗಿಲು ಹಾಕಿರುತ್ತವೆ!

ಪ್ರಾತ್ಯಕ್ಷಿಕೆಯಲ್ಲಿ ಎಲ್ಲರ ಕಣ್ಣರಳಿಸುವುದು ಗ್ಯಾಸ್ ಸಿಲಿಂಡರಿನ ಉರಿ. ಸಿಬ್ಬಂದಿ ಒದ್ದೆ ಗೋಣಿಚೀಲ ಹೊದಿಸುತ್ತಾರೆ. ಉರಿ ತಟ್ಟನೆ ಮಾಯ. ಮಂತ್ರವೇನಿಲ್ಲ. ಉರಿಯಲು ಇಂಧನ, ಶಾಖ, ಆಮ್ಲಜನಕ ಮೂರೂ ಬೇಕು. ಚೀಲ ಗಾಳಿಯನ್ನು ತಡೆಯುತ್ತದೆ, ಅದರಲ್ಲಿನ ನೀರು ಶಾಖವನ್ನು ಹೀರುತ್ತದೆ. ಹಾಗೆಂದು ನೀರು ಎಲ್ಲಕ್ಕೂ ಮದ್ದಲ್ಲ. ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ ನೀರು ಸುರಿದರೆ, ಅದು ಎಣ್ಣೆಯ ತಳಕ್ಕಿಳಿದು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಮುಖಕ್ಕೆ ಚಿಮ್ಮಿಸುತ್ತದೆ. ಅಲ್ಲಿ ಒಲೆ ಆರಿಸಿ ಮುಚ್ಚಳ ಮುಚ್ಚುವುದೇ ಸರಿ.

ಬಣವೆಯ ಕಥೆ ಬೇರೆ. ಮೇಲೆ ಎಷ್ಟು ಕೊಡ ನೀರು ಸುರಿದರೂ ಹುಲ್ಲಿನ ಮೇಲಿಂದ ಜಾರಿಹೋಗುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿಯಲ್ಲಿ ಕೆಂಡ ಬೇಯುತ್ತಲೇ ಇರುತ್ತದೆ. ಅದಕ್ಕೇ ಸಿಬ್ಬಂದಿ ಬಣವೆಯನ್ನು ಕಿತ್ತು ಹರಡಿ ನೀರು ಹಾಯಿಸುತ್ತಾರೆ. ಅದು ಮಕ್ಕಳ ಕೆಲಸವಲ್ಲ. ಮಕ್ಕಳ ಕೆಲಸ ದೂರ ನಿಂತು ಕೂಗಿ ನೆರೆಯವರನ್ನು ಕರೆಯುವುದು, 101 ಅಥವಾ 112ಕ್ಕೆ ಫೋನು ಮಾಡುವುದು. ಊರು ಯಾವುದು, ಯಾವ ಗುಡಿ ಅಥವಾ ಶಾಲೆಯ ಹತ್ತಿರ, ಉರಿಯುತ್ತಿರುವುದೇನು, ಮೇಲೆ ವಿದ್ಯುತ್ ತಂತಿ ಇದೆಯೇ — ಗಾಬರಿಯಲ್ಲಿ ದೊಡ್ಡವರೇ ಇಷ್ಟನ್ನು ತಡವರಿಸುತ್ತಾರೆ. ನಾಲ್ಕು ಸಲ ಹೇಳಿ ರೂಢಿಯಾದ ಹುಡುಗಿ ತಡವರಿಸಲಾರಳು.

ರೂಢಿ ನೋಡುವುದರಿಂದ ಬರುವುದಿಲ್ಲ, ಮಾಡುವುದರಿಂದ ಬರುತ್ತದೆ. ಜರ್ಮನಿಯಲ್ಲಿ ಊರಿನ ಸ್ವಯಂಸೇವಕ ಅಗ್ನಿಶಾಮಕ ಪಡೆಗಳ ಜೊತೆಗೇ ಮಕ್ಕಳ ದಳಗಳಿವೆ. ಇವುಗಳಲ್ಲಿ ಮೊದಲನೆಯದು 1882ರಲ್ಲಿ ಫೋರ್ ದ್ವೀಪದ ಒಂದು ಹಳ್ಳಿಯಲ್ಲಿ ಹುಟ್ಟಿತು. ಮಕ್ಕಳು ಅಲ್ಲಿ ಕೊಳವೆ ಬಿಚ್ಚಿ ಜೋಡಿಸುವುದು, ಹಗ್ಗದ ಗಂಟು, ಪ್ರಥಮ ಚಿಕಿತ್ಸೆ ಕಲಿಯುತ್ತಾರೆ. ನಮ್ಮಲ್ಲಿ ಅಷ್ಟು ದೊಡ್ಡದು ಸದ್ಯಕ್ಕೆ ಬೇಡ. ಸುಟ್ಟ ಕೈಗೆ ಪೇಸ್ಟು, ಶಾಯಿ ಬಳಿಯದೆ ಇಪ್ಪತ್ತು ನಿಮಿಷ ತಣ್ಣೀರಿನ ಧಾರೆಗೆ ಹಿಡಿಯಬೇಕೆಂದು ಪ್ರತಿ ಮಗುವಿಗೂ ಗೊತ್ತಾದರೆ ಅದೇ ದೊಡ್ಡದು.

ಸಪ್ತಾಹಕ್ಕೆ ಕಾಯುವ ಅಗತ್ಯವೂ ಇಲ್ಲ. ಪರೀಕ್ಷೆಯ ಗದ್ದಲ ಏಳುವ ಮುನ್ನ, ಜನವರಿಯಲ್ಲೇ, ಮುಖ್ಯೋಪಾಧ್ಯಾಯರು ಠಾಣಾಧಿಕಾರಿಗೆ ಒಂದು ಪತ್ರ ಬರೆದು ಸಿಬ್ಬಂದಿಯನ್ನು ಶಾಲೆಗೆ ಕರೆಸಬಹುದು. ತಾಯಂದಿರೂ ಬರಲಿ. ಶಾಲೆ ಒದಗಿಸಬೇಕಾದದ್ದು ಮೈದಾನ, ಒಂದು ಬಕೆಟ್ ನೀರು, ಎರಡು ಹಳೆಯ ಗೋಣಿಚೀಲ.