ಗ್ರೇಡ್ ಒಂದು, ಹಂತ ಮೂರು

ಸಿರುಗುಪ್ಪದ ಸೋದರಮಾವ ಎರಡು ರಿಪೋರ್ಟ್ ನನ್ನ ಮುಂದಿಟ್ಟರು. ಎರಡು ವರ್ಷದ ಹಿಂದಿನ ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’. ಕಳೆದ ತಿಂಗಳು ಬಳ್ಳಾರಿಯಲ್ಲಿ ಮಾಡಿಸಿದ ಫೈಬ್ರೋಸ್ಕ್ಯಾನ್‌ನಲ್ಲಿ ‘ಎಫ್3’. “ಒಂದು ಹನಿ ಮುಟ್ಟಿದೋನಲ್ಲ ನಾನು. ಲಿವರ್ ಕೆಟ್ಟೈತೆ ಅಂದ್ರೆ ಮಂದಿ ಏನಂತಾರೆ?” ರೋಗಕ್ಕಿಂತ ಆ ಮಾತೇ ಅವರನ್ನು ಹಿಂಡುತ್ತಿತ್ತು.

ಆ ಫೈಬ್ರೋಸ್ಕ್ಯಾನ್ ಪರೀಕ್ಷೆಗೆ ಅವರ ಜೊತೆ ಹೋದವನು ನಾನೇ. ಮೂರು ಗಂಟೆ ಏನೂ ತಿಂದಿರಬಾರದು. ಅಂಗಾತ ಮಲಗಿಸಿ, ಬಲಗೈ ತಲೆಯ ಕೆಳಗಿರಿಸಿ, ಪಕ್ಕೆಲುಬುಗಳ ನಡುವೆ ಒಂದು ಕಡ್ಡಿ ಒತ್ತುತ್ತಾರೆ. ಬೆರಳಲ್ಲಿ ಚಿಮ್ಮಿದಂತೆ ಟಪ್ ಎನ್ನುತ್ತದೆ, ಕನಿಷ್ಠ ಹತ್ತು ಸಲ. ಪ್ರತಿ ಸಲವೂ ಸಣ್ಣ ಅಲೆಯೊಂದು ಲಿವರ್‌ನೊಳಗೆ ಓಡುತ್ತದೆ. ಮೆತ್ತಗಿದ್ದರೆ ನಿಧಾನ, ಗಟ್ಟಿಯಾಗಿದ್ದರೆ ವೇಗ. ರೈಸ್ ಮಿಲ್‌ನಲ್ಲಿ ಆಯುಷ್ಯ ಕಳೆದ ಮಾವನಿಗೆ ಇದು ತಕ್ಷಣ ಹೊಳೆಯಿತು: “ಅಕ್ಕಿಕಾಳು ಕಡಿದು ಒಣಗೈತೋ ಇಲ್ಲೋ ನೋಡ್ತೀವಲ್ಲ, ಹಂಗೆ!”

ಹಾಗೆಯೇ. ಗ್ರೇಡ್ ಹೇಳುವುದು ಕೊಬ್ಬಿನ ಪ್ರಮಾಣವನ್ನು. ಎಫ್0ಯಿಂದ ಎಫ್4ರವರೆಗಿನ ಹಂತ ಹೇಳುವುದು ಉರಿಯೂತ ಬಿಟ್ಟುಹೋದ ನಾರುಗಲೆಯನ್ನು; ಲಿವರ್ ಗಟ್ಟಿಯಾಗುವುದು ಅದರಿಂದ. ಎಫ್4 ಅಂದರೆ ಸಿರೋಸಿಸ್. ಕಾಯಿಲೆ ಬಲಿತಂತೆ ಕೊಬ್ಬು ಕಡಿಮೆಯಾಗುವುದೂ ಉಂಟು. ಎರಡು ವರ್ಷ ಮನೆಯವರೆಲ್ಲ ಆ ‘1’ ನೋಡಿ ನಿಶ್ಚಿಂತರಾಗಿದ್ದೆವು.

ಕುಡಿಯದವರ ಈ ರೋಗಕ್ಕೆ ಅಮೆರಿಕದ ಮೇಯೊ ಕ್ಲಿನಿಕ್‌ನ ಲುಡ್ವಿಗ್ ಮತ್ತು ಸಂಗಡಿಗರು 1980ರಲ್ಲಿ, 20 ರೋಗಿಗಳನ್ನು ಆಧರಿಸಿ, ಹೆಸರಿಟ್ಟರು. ಆ ಹೆಸರಲ್ಲೂ ‘ಆಲ್ಕೊಹಾಲ್’ ಅಂಟಿಕೊಂಡೇ ಇತ್ತು. ಕಳಂಕ ತಪ್ಪಲೆಂದು 2023ರಲ್ಲಿ ತಜ್ಞರು ಆ ಪದವನ್ನು ಕಿತ್ತುಹಾಕಿದರು. ಭಾರತ 2021ರಲ್ಲೇ ಈ ರೋಗವನ್ನು ಸಕ್ಕರೆ ಕಾಯಿಲೆ, ಬಿಪಿಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ.

ಕುಡಿಯದೆ ಲಿವರ್‌ಗೆ ಕೊಬ್ಬು ಎಲ್ಲಿಂದ? ನನಗೆ ಬಲು ಇಷ್ಟವಾದ ಉತ್ತರ ಹಳೆಯ ರೋಮ್‌ನಲ್ಲಿದೆ. ಅಲ್ಲಿ ಹೆಬ್ಬಾತುಗಳಿಗೆ ಅಂಜೂರ ತುರುಕಿ ಲಿವರ್ ಕೊಬ್ಬಿಸುತ್ತಿದ್ದರು. ‘ಅಂಜೂರ ತುಂಬಿದ’ ಎಂಬ ಆ ವಿಶೇಷಣವೇ ಉಳಿದು, ಮೂಲ ಪದವನ್ನು ಹೊರದಬ್ಬಿ, ಇಟಾಲಿಯನ್ನರ ಬಾಯಲ್ಲಿ ‘ಫೆಗಾಟೊ’, ಫ್ರೆಂಚರ ಬಾಯಲ್ಲಿ ‘ಫ್ವಾ’ ಆಯಿತು. ಎರಡಕ್ಕೂ ಅರ್ಥ ಲಿವರ್. ಇಂದು ಅಂಜೂರದ ಜಾಗದಲ್ಲಿ ಮೆಕ್ಕೆಜೋಳ. ಹಕ್ಕಿಗೆ ಯಾರೂ ತುಪ್ಪ ಕುಡಿಸಲಿಲ್ಲ. ಹಣ್ಣಿನ ಸಕ್ಕರೆ, ಕಾಳಿನ ಪಿಷ್ಟ ಮಿತಿಮೀರಿದಾಗ ಲಿವರ್ ತಾನೇ ಕೊಬ್ಬು ಮಾಡಿಕೊಂಡಿತು. ತುಂಗಭದ್ರೆಯ ನೀರಿನ ಭತ್ತದ ಸೀಮೆಯಲ್ಲಿ ಮಾವನ ತಟ್ಟೆಗೆ ಮೂರು ಹೊತ್ತೂ ಅನ್ನ, ಸಂಜೆ ಒಗ್ಗರಣೆ ಮಂಡಕ್ಕಿ–ಮಿರ್ಚಿ. ಜೊತೆಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ.

ಪರೀಕ್ಷೆ ಮುಗಿಸಿ ಬಳ್ಳಾರಿಯಿಂದ ಬರುವಾಗ ಅತ್ತೆಯ ತವರು ಕುರುಗೋಡಿಗೆ ಹೋದೆವು. ದೊಡ್ಡಬಸವೇಶ್ವರನಿಗೆ ಕೈಮುಗಿದು ಮನೆಗೆ ಬಂದರೆ ನೆಂಟರು ನೆಲನೆಲ್ಲಿ ಕಷಾಯದ ಲೋಟ ಹಿಡಿದಿದ್ದರು. ಕಷಾಯಕ್ಕೆ ನಾರುಗಲೆ ಕರಗುತ್ತದೆಂದು ನಾನು ನಂಬುವುದಿಲ್ಲ. ನಂಬುವುದು ಡಾಕ್ಟರ್ ಹೇಳಿದ ಲೆಕ್ಕವನ್ನು: ದೇಹದ ತೂಕ ನೂರಕ್ಕೆ ಹತ್ತರಷ್ಟು ಇಳಿದರೆ ಈ ಕಲೆಯೂ ಹಿಮ್ಮೆಟ್ಟಬಹುದು. 82 ಕಿಲೋ ಇರುವ ಮಾವ ಸುಮಾರು ಎಂಟು ಕಿಲೋ ಇಳಿಸಬೇಕು. ರಾತ್ರಿಯ ಅನ್ನ ಆಗಲೇ ನಿಂತಿದೆ.

ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಗ್ರೇಡ್ ಓದಿ ಸುಮ್ಮನಾಗಬೇಡಿ. ವಯಸ್ಸು, ರಕ್ತಪರೀಕ್ಷೆಯ ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ಈ ನಾಲ್ಕರಿಂದ ನಾರುಗಲೆಯ ಅಂದಾಜು ಕೊಡುವ ‘ಫಿಬ್–4’ ಲೆಕ್ಕ ಹಾಕಿಕೊಡಿ ಎಂದು ಡಾಕ್ಟರನ್ನು ಕೇಳಿ.