ಭಾರವನ್ನು ಕೈಗೆ ತಿಳಿಸುವ ಹಿಡಿ

ದೊಡ್ಡಬೆಳವಂಗಲದ ಆಸುಪಾಸಿನ ತೋಟಗಳಲ್ಲಿ ಬೋರ್‌ವೆಲ್ ಮೋಟಾರು ಕೆಟ್ಟರೆ ರಿಪೇರಿಗಿಂತ ಅದನ್ನು ಮೇಲೆತ್ತುವುದೇ ದೊಡ್ಡ ಕೆಲಸ. ದೊಡ್ಡಬಳ್ಳಾಪುರ ತಾಲ್ಲೂಕಿನ ಬೇಸಾಯ ಬಹುಮಟ್ಟಿಗೆ ನಿಂತಿರುವುದು ಗಟ್ಟಿ ಬಂಡೆಯ ಬಿರುಕುಗಳಲ್ಲಿ ಸಿಗುವ ನೀರಿನ ಮೇಲೆ. ಸಾವಿರ ಅಡಿ ದಾಟಿದ ಬೋರು ಇಲ್ಲಿ ಯಾರಿಗೂ ಅಚ್ಚರಿಯಲ್ಲ. ಅಷ್ಟು ಬೇಡ, 600 ಅಡಿಯಲ್ಲಿ ಕೂತ ಮೋಟಾರಿನ ಲೆಕ್ಕವನ್ನೇ ಹಾಕಿ. ಎರಡು ಇಂಚಿನ, 20 ಅಡಿ ಉದ್ದದ ಜಿಐ ಪೈಪು ಒಂದಕ್ಕೆ ಸುಮಾರು 30 ಕಿಲೊ, ಅಂಥವು ಮೂವತ್ತು. ಪೈಪಿನೊಳಗೆ ನಿಂತ ನೀರು ಸುಮಾರು 400 ಕಿಲೊ. ಪಂಪು, ಮೋಟಾರು, ಕೇಬಲ್ ಸೇರಿದರೆ ಒಂದೂವರೆ ಟನ್ನಿನ ಹತ್ತಿರಕ್ಕೆ ಬರುತ್ತದೆ.

ಈಗ ಇದಕ್ಕೆ ಕ್ರೇನ್ ಕಟ್ಟಿದ ವಾಹನಗಳಿವೆ. ಅವು ಬರುವ ಮೊದಲು ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಚೈನ್ ಪುಲ್ಲಿ ತೂಗುಹಾಕಿ, ಒಂದೊಂದೇ ಪೈಪು ಎತ್ತಿ ಕ್ಲಾಂಪ್ ಬಿಗಿದು ಬಿಚ್ಚುತ್ತಿದ್ದರು. ಆ ಚೈನ್ ಪುಲ್ಲಿಯ ಹತ್ತಿರದ ಸಂಬಂಧಿಯೇ ಲಿವರ್ ಹಾಯ್ಸ್ಟ್. ಕೈಸರಪಳಿಯ ಬದಲು ಇದಕ್ಕೆ ಹಿಂದೆ ಮುಂದೆ ಆಡಿಸುವ ಗಿಡ್ಡ ಹಿಡಿ ಇದೆ. ಮೇಲಕ್ಕೆತ್ತುವುದಷ್ಟೇ ಅಲ್ಲ, ಅಡ್ಡಡ್ಡ ಎಳೆಯಲೂ ಬರುತ್ತದೆ. ಕೆಸರಲ್ಲಿ ಹೂತ ಟ್ರ್ಯಾಕ್ಟರಿಗೆ, ವಾಲಿದ ಕಂಬಕ್ಕೆ ಇದೇ ಸೂಕ್ತ.

ಒಂದೂವರೆ ಟನ್ನಿನ ಹಾಯ್ಸ್ಟಿಗೆ ಪೂರ್ಣ ಭಾರ ಹೊರಿಸಿದಾಗಲೂ ಹಿಡಿಯ ಮೇಲೆ ಬೇಕಾಗುವುದು ಸುಮಾರು 30-40 ಕಿಲೊ ತೂಕದಷ್ಟು ಬಲ. ಒಳಗಿನ ಹಲ್ಲುಚಕ್ರಗಳು ಇದನ್ನು ಸಾಧಿಸುತ್ತವೆ, ಆದರೆ ಪುಕ್ಕಟೆಯಾಗಿ ಅಲ್ಲ. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕು. ಹಿಡಿಯನ್ನು ಒಮ್ಮೆ ಪೂರ್ತಿ ಎಳೆದರೆ ಭಾರ ಏರುವುದು ಒಂದು ಸೆಂಟಿಮೀಟರ್ ಆಸುಪಾಸು. ಸಾಮಾನ್ಯ ಹಾಯ್ಸ್ಟಿನ ಸರಪಳಿ ಒಂದೂವರೆ ಮೀಟರಿಗೆ ಮುಗಿಯುತ್ತದೆ. 20 ಅಡಿ ಪೈಪು ಎತ್ತಲು ಉದ್ದ ಸರಪಳಿಯ ಚೈನ್ ಪುಲ್ಲಿಯೇ ಬೇಕಾಗಿದ್ದು ಇದಕ್ಕೇ.

ನನಗೆ ಇದರಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಬ್ರೇಕು. 1854ರಲ್ಲಿ ಡಿಫರೆನ್ಷಿಯಲ್ ಪುಲ್ಲಿ ಎಂಬ ಬಗೆಯ ಚೈನ್ ಪುಲ್ಲಿಯನ್ನು ರೂಪಿಸಿದ ಇಂಗ್ಲೆಂಡಿನ ಥಾಮಸ್ ಆಲ್ಡ್ರಿಜ್ ವೆಸ್ಟನ್ ಹೆಸರಿನಿಂದಲೇ ಇದನ್ನು ಇಂದಿಗೂ ಕರೆಯುತ್ತಾರೆ. ಭಾರ ಕೆಳಗೆ ಜಗ್ಗಿದಾಗ ತಿರುಪು ಸುತ್ತಿನ ದಂಡವೊಂದು ತಿರುಗಿ ಘರ್ಷಣೆಯ ತಟ್ಟೆಗಳನ್ನು ಒತ್ತಿ ಹಿಡಿಯುತ್ತದೆ. ತಟ್ಟೆಗಳ ನಡುವಿನ ಹಲ್ಲುಗಾಲಿ ಹಿಂದೆ ಸರಿಯದಂತೆ ಒಂದು ಕೊಂಡಿ ತಡೆಯುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಬಿಗಿ. ಬೀಳಲು ಹವಣಿಸುವ ತೂಕವೇ ತನ್ನನ್ನು ತಾನು ಬೀಳದಂತೆ ಕಟ್ಟಿಹಾಕಿಕೊಳ್ಳುತ್ತದೆ. ಇಳಿಸಬೇಕಾದರೆ ಹಿಡಿ ಆ ಬಿಗಿಯನ್ನು ಚೂರು ಸಡಿಲಿಸುತ್ತದೆ, ಭಾರ ಚೂರು ಇಳಿದು ಮತ್ತೆ ತಾನೇ ಬಿಗಿಯುತ್ತದೆ. ಈ ಹಿಡಿತವೆಲ್ಲ ಘರ್ಷಣೆಯದು. ಆದ್ದರಿಂದಲೇ ಸರಪಳಿಗೆ ಎಣ್ಣೆ ಹಾಕಬೇಕಾದರೂ ಬ್ರೇಕಿನ ತಟ್ಟೆಗೆ ಒಂದು ಹನಿಯೂ ತಾಗಬಾರದು.

ಅಪಾಯ ಶುರುವಾಗುವುದು ಸಿಕ್ಕಿಕೊಂಡ ವಸ್ತುವನ್ನು ಎಳೆಯುವಾಗ. ಕುಸಿದ ಕಲ್ಲು, ಹೂಳಿನ ನಡುವೆ ಸಿಕ್ಕಿಬಿದ್ದ ಪಂಪನ್ನು ಬಿಡಿಸಲು ಲಿವರ್ ಹಾಯ್ಸ್ಟ್ ಹಚ್ಚಿದರೆ ಪಂಪಿನ ತೂಕ ಎಷ್ಟೆಂಬ ಲೆಕ್ಕಕ್ಕೆ ಅರ್ಥವಿಲ್ಲ. ನಾವು ಎಳೆದಷ್ಟೂ ಸರಪಳಿಯ ಮೇಲಿನ ಬಲ ಏರುತ್ತದೆ. ಆಗ ಭಾರ ಎಷ್ಟೆಂದು ತಿಳಿಸುವ ತಕ್ಕಡಿ ನಮ್ಮ ತೋಳೇ. ಹಿಡಿ ಗಿಡ್ಡವಾಗಿರುವುದು ಜಿಪುಣತನದಿಂದಲ್ಲ: ಒಬ್ಬನ ಕೈಗೆ ಬಗ್ಗದಿದ್ದರೆ ಮಿತಿ ಮುಟ್ಟಿತೆಂದು ತಿಳಿಯಲಿ ಎಂದೇ.

ಅಂಥ ಹೊತ್ತಿನಲ್ಲಿ ಹಿಡಿಗೆ ಕಬ್ಬಿಣದ ಪೈಪು ತೊಡಿಸುವುದನ್ನು ಎಲ್ಲೆಡೆ ನೋಡುತ್ತೇವೆ. ಉದ್ದ ಎರಡರಷ್ಟಾದರೆ ಅದೇ ತೋಳಬಲಕ್ಕೆ ಸರಪಳಿಯ ಮೇಲಿನ ಬಲವೂ ಎರಡು ಪಟ್ಟು. ಜೊತೆಗೆ ಇನ್ನೊಬ್ಬ ಕೈ ಹಾಕಿದರೆ ನಾಲ್ಕು ಪಟ್ಟು. ಹೊಸ ಸರಪಳಿಯನ್ನು ಸಾಮಾನ್ಯವಾಗಿ ತಯಾರಿಸುವುದು ನಮೂದಿಸಿದ ಮಿತಿಯ ನಾಲ್ಕು ಪಟ್ಟು ತಡೆಯುವಂತೆ. ಅಂದರೆ ಒಂದು ತುಂಡು ಪೈಪು, ಒಬ್ಬ ಹೆಚ್ಚಿನ ಆಳು ಸೇರಿದರೆ ಇಟ್ಟಿದ್ದ ರಕ್ಷಣೆಯೆಲ್ಲ ಮುಗಿಯಿತು. ತುಕ್ಕು ಹಿಡಿದ ಹಳೆಯ ಸರಪಳಿಗೆ ಅಷ್ಟೂ ಬೇಕಿಲ್ಲ. ಬಿಗಿದ ಸರಪಳಿ ಹರಿದರೆ ಅದರ ಏಟಿಗೆ ಎದುರು ನಿಂತವರು ಉಳಿಯುವುದು ಕಷ್ಟ.

ಹಾಯ್ಸ್ಟ್ ಬಾಡಿಗೆಗೆ ತರುವಾಗ ಅದರ ಮೇಲಿನ ಟನ್ ಸಂಖ್ಯೆ ಓದಿ, ಕೊಕ್ಕೆ ಬಾಯಿ ಬಿಟ್ಟಿಲ್ಲವೆಂದು ನೋಡಿ, ಸರಪಳಿಯ ನೇರಕ್ಕೆ ಯಾರನ್ನೂ ನಿಲ್ಲಿಸಬೇಡಿ. ಒಬ್ಬರ ಕೈಗೆ ಹಿಡಿ ಬಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಿ, ದೊಡ್ಡ ಯಂತ್ರದವರನ್ನು ಕರೆಸಿ.