ಚೀಲದಲ್ಲಿ ಕೂತಿದ್ದ ಬಿಲ್ಲೆ

ಕಳೆದ ಚಳಿಗಾಲದಲ್ಲಿ ಮೈಸೂರಿನಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಒಬ್ಬನೇ ಹೋದೆ. ತಂಗಿಯ ಮನೆಯ ಗೃಹಪ್ರವೇಶ. ಅರಸೀಕೆರೆ, ಬೀರೂರು, ಭದ್ರಾವತಿ ದಾಟಿ ಸುಖವಾಗಿಯೇ ತಲುಪಿದೆ. ಕೈಕಾಲು ತೊಳೆದು ಕಾಫಿ ಲೋಟ ಹಿಡಿಯುವ ಹೊತ್ತಿಗೆ ನನ್ನ ಫೋನು ಗುಂಯ್ ಎಂದಿತು. ನನಗೆ ಪರಿಚಯವಿಲ್ಲದ ಟ್ರ್ಯಾಕರ್ ಒಂದು ನನ್ನ ಜೊತೆಗೇ ಪ್ರಯಾಣ ಮಾಡುತ್ತಿದೆ ಎಂಬ ಸೂಚನೆ. ಕೆಳಗೊಂದು ನಕಾಶೆ. ಅದರಲ್ಲಿ ನಾನು ಬಂದ ದಾರಿ!

ದಿನಕ್ಕೆ ಹತ್ತು ಮೋಸದ ಸಂದೇಶ ಬರುವ ಕಾಲ. ಇದೂ ಅಂಥದ್ದೇ ಎಂದು ಅಳಿಸಲು ಹೋದೆ. ಎಂಟನೇ ಕ್ಲಾಸಿನಲ್ಲಿ ಓದುವ ತಂಗಿಯ ಮೊಮ್ಮಗಳು ತಡೆದಳು. ‘ತಾತ, ಇದು ಫೋನೇ ಕೊಟ್ಟ ಎಚ್ಚರಿಕೆ, ಇರಿ’ ಎಂದು ಶಬ್ದ ಮಾಡಿಸುವ ಗುಂಡಿ ಒತ್ತಿದಳು. ಮೂಲೆಯಲ್ಲಿದ್ದ ನನ್ನ ಚೀಲ ಗುಬ್ಬಿಯಂತೆ ಚಿಲಿಪಿಲಿ ಎಂದಿತು. ಮಕ್ಕಳೆಲ್ಲ ಓ ಎಂದು ಕೂಗಿದರು. ಶಾಲು, ಪಂಚೆ, ಮಾತ್ರೆಡಬ್ಬಿ ತೆಗೆದ ಮೇಲೆ ಒಳಜೇಬಿನ ತಳದಲ್ಲಿ ಸಿಕ್ಕಿತು, ಕೋಡುಬಳೆಯಷ್ಟೂ ದೊಡ್ಡದಲ್ಲದ ಒಂದು ಬಿಳಿ ಬಿಲ್ಲೆ. ಹುಡುಗಿ ಅದನ್ನು ಫೋನಿನ ಬೆನ್ನಿಗೆ ತಾಗಿಸಿದಳು. ತೆರೆದ ಪುಟದಲ್ಲಿ ಬಿಲ್ಲೆಯ ಕ್ರಮಸಂಖ್ಯೆ, ಅದನ್ನು ನೋಂದಾಯಿಸಿದವರ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ. ಆ ನಾಲ್ಕು ಅಂಕಿ ನನಗೆ ಬಾಯಿಪಾಠ. ನನ್ನ ಮಗಳ ನಂಬರು.

ಮುಖ ಬಿಸಿಯಾಯಿತು. ನನ್ನನ್ನು ಕೇಳದೆ ನನ್ನ ಚೀಲದಲ್ಲಿ! ಕೋಪದಲ್ಲಿ ಆಗ ಅವಳಿಗೆ ಫೋನು ಮಾಡಲಿಲ್ಲ. ಮಕ್ಕಳು ಮಾತ್ರ ‘ಇಷ್ಟು ಸಣ್ಣದಕ್ಕೆ ನೀವಿರುವ ಜಾಗ ಹೇಗೆ ಗೊತ್ತಾಗುತ್ತೆ ತಾತ?’ ಎಂದು ಸುತ್ತುವರಿದರು. ಅಂದು ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದದ್ದನ್ನು ಈಗ ನಿಮಗೂ ಹೇಳುತ್ತೇನೆ.

ಮಕ್ಕಳೇ, ಮೊದಲ ಆಶ್ಚರ್ಯ ಇದು: ಬಿಲ್ಲೆಗೆ ತಾನೆಲ್ಲಿದ್ದೇನೆ ಎಂಬುದೇ ಗೊತ್ತಿಲ್ಲ! ನನಗೆ ಸಿಕ್ಕಿದ್ದು ಆಪಲ್ ಕಂಪನಿಯ ಏರ್‌ಟ್ಯಾಗ್. 2021ರಲ್ಲಿ ಮಾರುಕಟ್ಟೆಗೆ ಬಂದದ್ದು, ತೂಕ 11 ಗ್ರಾಂ. ಅದರಲ್ಲಿ ಸಿಮ್ ಇಲ್ಲ, ಜಿಪಿಎಸ್ ಇಲ್ಲ. ಇರುವುದು ಸಿಆರ್ 2032 ಎಂಬ ನಾಣ್ಯದಂಥ ಬ್ಯಾಟರಿ, ಪುಟ್ಟ ಸ್ಪೀಕರ್, ಮತ್ತು ಬ್ಲೂಟೂತ್ ರೇಡಿಯೋ. ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜ ಹೆರಾಲ್ಡನ ಅಡ್ಡಹೆಸರು ‘ನೀಲಿ ಹಲ್ಲು’. ಬ್ಲೂಟೂತ್ ಎಂಬ ಹೆಸರು ಬಂದದ್ದು ಅವನಿಂದಲೇ. ಈ ರೇಡಿಯೋ ದೂರಕ್ಕೆ ಕೂಗಲಾರದು. ಹತ್ತಾರು ಮೀಟರ್‌ನೊಳಗೆ ‘ಇಲ್ಲಿದ್ದೇನೆ, ಇಲ್ಲಿದ್ದೇನೆ’ ಎಂದು ಆಗಾಗ ಪಿಸುಗುಡುತ್ತದೆ, ಅಷ್ಟೆ. ಪಿಸುಗುಟ್ಟುವುದಕ್ಕೆ ಹೆಚ್ಚು ಶಕ್ತಿ ಬೇಡ. ಅದಕ್ಕೇ ಒಂದು ಬ್ಯಾಟರಿ ವರ್ಷದ ಮೇಲೆ ಬಾಳುತ್ತದೆ.

ಹಾಗಾದರೆ ಅರಸೀಕೆರೆಯಲ್ಲಿರುವ ಬಿಲ್ಲೆಯ ಸುದ್ದಿ ಮೈಸೂರಿಗೆ ತಲುಪುವುದು ಹೇಗೆ? ದಾರಿಹೋಕರಿಂದ! ನಮ್ಮ ಡಬ್ಬಿಯಲ್ಲಿ ಯಾರದೋ ಜೇಬಿನಲ್ಲಿ ಐಫೋನು ಇತ್ತೆನ್ನಿ. ಆ ಫೋನಿಗೆ ಪಿಸುಮಾತು ಕೇಳಿಸುತ್ತದೆ. ಫೋನಿಗೆ ತಾನಿರುವ ಜಾಗ ಗೊತ್ತು. ‘ಈ ಬಿಲ್ಲೆ ನನ್ನ ಹತ್ತಿರ ಇಂಥ ಜಾಗದಲ್ಲಿ ಕೇಳಿಸಿತು’ ಎಂಬ ಚೀಟಿಯನ್ನು ಅದು ಇಂಟರ್‌ನೆಟ್ ಮೂಲಕ ಕಂಪನಿಯ ಕಂಪ್ಯೂಟರಿಗೆ ಕಳಿಸುತ್ತದೆ. ಫೋನಿನ ಯಜಮಾನರು ಕಡಲೆಕಾಯಿ ತಿನ್ನುತ್ತ ಕೂತಿರುತ್ತಾರೆ. ತಾವೊಂದು ಉಪಕಾರ ಮಾಡಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ನಕಾಶೆಯಲ್ಲಿ ಕಾಣುವುದು ನಿಜವಾಗಿ ಬಿಲ್ಲೆಯ ಜಾಗವಲ್ಲ, ಅದರ ಪಿಸುಮಾತು ಕೇಳಿದ ಫೋನಿನ ಜಾಗ. ಆಂಡ್ರಾಯ್ಡ್ ಫೋನುಗಳಿಗೂ ಇಂಥದೇ ಒಂದು ಜಾಲವನ್ನು ಗೂಗಲ್ 2024ರಲ್ಲಿ ಆರಂಭಿಸಿತು.

ಇಲ್ಲಿ ಯಾರಿಗಾದರೂ ಅಳುಕು ಹುಟ್ಟಬೇಕು. ಅಪರಿಚಿತರ ಫೋನು, ಕಂಪನಿಯ ಕಂಪ್ಯೂಟರು, ಇಷ್ಟು ಕೈ ದಾಟುವ ಸುದ್ದಿಯನ್ನು ನಡುವೆ ಯಾರೂ ಓದುವುದಿಲ್ಲವೇ? ಇದನ್ನು ಹೇಳಲು ನಾನು ಕೆಲಸ ಮಾಡಿದ ಬ್ಯಾಂಕಿನ ಎರಡು ವಸ್ತುಗಳು ಸಾಕು.

ಮೊದಲನೆಯದು ಬಾಗಿಲ ಪಕ್ಕದ ಚೆಕ್ ಪೆಟ್ಟಿಗೆ. ಅದರ ಸೀಳಿನಲ್ಲಿ ಯಾರು ಬೇಕಾದರೂ ಚೆಕ್ಕು ಹಾಕಬಹುದು. ಹಾಕಿದ ಮೇಲೆ ಹಾಕಿದವರೂ ತೆಗೆಯಲಾರರು. ಬೀಗದ ಕೈ ಇದ್ದವರು ಮಾತ್ರ ತೆರೆಯಬಹುದು. ಬಿಲ್ಲೆಯ ಪಿಸುಮಾತಿನಲ್ಲಿ ಇಂಥ ಪೆಟ್ಟಿಗೆಯೇ ಇರುತ್ತದೆ, ಗಣಿತದಿಂದ ಮಾಡಿದ್ದು. ಕೇಳಿದ ಫೋನು ಜಾಗದ ಚೀಟಿಯನ್ನು ಅದರೊಳಗೆ ಹಾಕಿ ಕಳಿಸುತ್ತದೆ. ಪೆಟ್ಟಿಗೆಯನ್ನು ಕಂಪನಿ ಕಾಯ್ದಿಡಬಹುದು, ತೆರೆಯಲಾರದು. ಬೀಗದ ಕೈ ಇರುವುದು ಬಿಲ್ಲೆಯ ಒಡೆಯರ ಸಾಧನಗಳಲ್ಲಿ ಮಾತ್ರ. ಹಾಕುವ ಸೀಳು ಎಲ್ಲರಿಗೂ, ತೆರೆಯುವ ಕೈ ಒಬ್ಬರಿಗೇ ಎಂಬ ಈ ಉಪಾಯವನ್ನು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ಅಮೆರಿಕದ ಇಬ್ಬರು ಪ್ರಕಟಿಸಿದರು. ಇಂದು ನಾವು ಫೋನಿನಲ್ಲಿ ಹಣ ಕಳಿಸುವಾಗಲೂ ಇದೇ ಜಾತಿಯ ಬೀಗಗಳು ನಮ್ಮನ್ನು ಕಾಯುತ್ತವೆ.

ಎರಡನೆಯದು ಹಿತ್ತಾಳೆ ಟೋಕನ್. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ನೆನಪಿರುತ್ತದೆ. ಆಗ ಹಣ ತೆಗೆಯಲು ಚೆಕ್ಕು ಕೊಟ್ಟರೆ ನಾವೊಂದು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದೆವು. ಕ್ಯಾಷಿಯರ್ ಹೆಸರು ಕೂಗುತ್ತಿರಲಿಲ್ಲ, ಬಿಲ್ಲೆಯ ಅಂಕಿ ಕೂಗುತ್ತಿದ್ದ. ಮುಂದಿನ ಸಲ ಬೇರೆ ಅಂಕಿ. ಹೀಗಾಗಿ ಯಾರು ಎಷ್ಟು ಸಲ ಬಂದರು ಎಂದು ಬಾಗಿಲಲ್ಲಿ ನಿಂತು ಅಂಕಿ ಕೇಳಿದವನಿಗೆ ತಿಳಿಯುತ್ತಿರಲಿಲ್ಲ. ಈಗಿನ ಬಿಲ್ಲೆಯೂ ಹೆಸರು ಹೇಳುವುದಿಲ್ಲ, ಅಂಕಿ ಕೂಗುತ್ತದೆ. ಒಡೆಯರ ಹತ್ತಿರ ಇರುವಾಗ ಸುಮಾರು 15 ನಿಮಿಷಕ್ಕೊಮ್ಮೆ ಅಂಕಿ ಬದಲಿಸುತ್ತದೆ. ಅಂಗಡಿಯವರೋ ಕಿಡಿಗೇಡಿಯೋ ಆ ಅಂಕಿಯ ಬೆನ್ನು ಹತ್ತಿ ಒಡೆಯರನ್ನು ಹಿಂಬಾಲಿಸಬಾರದಲ್ಲ!

ಆದರೆ ಒಡೆಯರಿಂದ ದೂರವಾದ ಬಿಲ್ಲೆ ಅಂಕಿ ಬದಲಿಸುವುದು ದಿನಕ್ಕೊಮ್ಮೆ ಮಾತ್ರ. ಇದು ಮರೆವಲ್ಲ, ಬೇಕೆಂದೇ ಮಾಡಿದ್ದು. ಏಕೆ ಗೊತ್ತೇ? ಕೀಲಿಗೊಂಚಲು ಹುಡುಕಲು ಮಾಡಿದ ಈ ವಸ್ತುವನ್ನು ಕೆಲವರು ಬೇರೆಯವರ ಚೀಲದಲ್ಲಿ, ಕಾರಿನಲ್ಲಿ ಗುಟ್ಟಾಗಿ ಇಟ್ಟು ಅವರ ಬೆನ್ನು ಹತ್ತತೊಡಗಿದರು. ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಇದರಿಂದ ತೊಂದರೆಯಾಯಿತು. ಒಡೆಯರ ಗುಟ್ಟು ಕಾಯುವಷ್ಟೇ ಎಚ್ಚರದಿಂದ ಇವರನ್ನೂ ಕಾಯಬೇಕಾಯಿತು. ಒಂದೇ ಅಂಕಿ ದಾರಿಯುದ್ದಕ್ಕೂ ಜೊತೆಯಲ್ಲಿ ಕೇಳಿಸಿದರೆ ತಾನೇ ಫೋನಿಗೆ ಅನುಮಾನ ಬರುವುದು? 2024ರ ಮೇ ತಿಂಗಳಲ್ಲಿ ಆಪಲ್ ಮತ್ತು ಗೂಗಲ್ ಸೇರಿ ಒಂದು ಏರ್ಪಾಡು ಮಾಡಿದವು. ಆಂಡ್ರಾಯ್ಡ್ 6 ಮತ್ತು ನಂತರದ ಫೋನುಗಳು, ಐಒಎಸ್ 17.5 ಮತ್ತು ನಂತರದ ಐಫೋನುಗಳು ಈ ನಿಯಮ ಪಾಲಿಸುವ ಯಾವ ಕಂಪನಿಯ ಬಿಲ್ಲೆ ಹಿಂಬಾಲಿಸಿದರೂ ಎಚ್ಚರಿಸುತ್ತವೆ. ನನ್ನ ಆಂಡ್ರಾಯ್ಡ್ ಫೋನು ಐಫೋನಿನವರ ಬಿಲ್ಲೆಯನ್ನು ಹಿಡಿದುಕೊಟ್ಟದ್ದು ಹೀಗೆ.

ಇಂಥ ಸೂಚನೆ ನಿಮಗೂ ಬಂದರೆ ಹೆದರಬೇಡಿ, ಅಳಿಸಲೂ ಬೇಡಿ. ದೊಡ್ಡವರಿಗೆ ತೋರಿಸಿ. ಶಬ್ದ ಮಾಡಿಸಿ ಬಿಲ್ಲೆಯನ್ನು ಹುಡುಕಿ. ಫೋನಿನ ಬೆನ್ನಿಗೆ ತಾಗಿಸಿದಾಗ ಬರುವ ವಿವರವನ್ನು ಬರೆದಿಟ್ಟುಕೊಳ್ಳಿ. ಬ್ಯಾಟರಿ ತೆಗೆದರೆ ಅದರ ಪಿಸುಮಾತು ನಿಲ್ಲುತ್ತದೆ. ಇಟ್ಟವರು ಯಾರೆಂದು ತಿಳಿಯದೆ ಭಯವಾದರೆ ಪೊಲೀಸರ ಹತ್ತಿರ ಹೋಗಿ. ನಿಮ್ಮದೇ ವಸ್ತು ಕಳುವಾಗಿ ನಕಾಶೆಯಲ್ಲಿ ಯಾರದೋ ಮನೆ ಕಂಡರೂ ಅಷ್ಟೆ, ನೀವೇ ಹೋಗಿ ಬಾಗಿಲು ತಟ್ಟಬೇಡಿ.

ಇನ್ನೊಂದು ಮಾತು ಅಜ್ಜ ಅಜ್ಜಿಯರಿಗೆ. ಬಿಲ್ಲೆ ಮಾಂತ್ರಿಕನಲ್ಲ. ಸುತ್ತ ಫೋನುಗಳಿದ್ದರೆ ಮಾತ್ರ ಅದಕ್ಕೆ ಬಾಯಿ. ಬಸ್‌ಸ್ಟ್ಯಾಂಡಿನಲ್ಲಿ ಮರೆತ ಚೀಲ ಬೇಗ ಸಿಕ್ಕೀತು, ತೋಟದ ಮೂಲೆಯಲ್ಲಿ ಬಿದ್ದ ಕೀಲಿಯ ಸುದ್ದಿ ಯಾರಾದರೂ ಫೋನು ಹಿಡಿದು ಆ ಕಡೆ ನಡೆಯುವ ತನಕ ಬಾರದು. ನಕಾಶೆ ತೋರಿಸುವುದು ಕೊನೆಯ ಸಲ ಕೇಳಿಸಿದ ಜಾಗ, ಅದು ಅರ್ಧ ಗಂಟೆ ಹಳೆಯದೂ ಇರಬಹುದು. ಆದ್ದರಿಂದಲೇ ಇದು ವಸ್ತುಗಳಿಗಾಗಿ, ಮನುಷ್ಯರ ಕಾವಲಿಗಲ್ಲ ಎಂದು ತಯಾರಕರೂ ಹೇಳುತ್ತಾರೆ. ಮರೆವಿನ ಹಿರಿಯರನ್ನೋ ಸಣ್ಣ ಮಗುವನ್ನೋ ಬಿಲ್ಲೆಯ ಭರವಸೆಯ ಮೇಲೆ ಒಂಟಿಯಾಗಿ ಬಿಡಬಾರದು.

ಅಂದು ರಾತ್ರಿ ಊಟವಾದ ಮೇಲೆ ಮಗಳಿಗೆ ಫೋನು ಮಾಡಿದೆ. ‘ನಿನ್ನ ಬಿಲ್ಲೆ ಕ್ಷೇಮವಾಗಿ ಶಿವಮೊಗ್ಗ ತಲುಪಿದೆ’ ಎಂದೆ. ಆ ಕಡೆ ಒಂದು ಗಳಿಗೆ ಮಾತೇ ಇಲ್ಲ. ಆಮೇಲೆ ಹೇಳಿದಳು: ‘ಹೋದ ವರ್ಷ ಹಾಸನಕ್ಕೆ ಹೋದಾಗ ನಿನ್ನ ಫೋನು ಸತ್ತು ನಾಲ್ಕು ಗಂಟೆ ಸುದ್ದಿಯೇ ಇರಲಿಲ್ಲ. ಅಮ್ಮ ದೇವರ ಮುಂದೆ ಕೂತುಬಿಟ್ಟಿದ್ದಳು. ಕೇಳಿದರೆ ನೀನು ಬೇಡ ಅಂತೀಯ ಅಂತ ಕೇಳಲಿಲ್ಲ ಅಪ್ಪ.’

ನಿಜ, ಬೇಡ ಎನ್ನುತ್ತಿದ್ದೆ. ಆ ನಾಲ್ಕು ಗಂಟೆಯ ಕಥೆಯನ್ನು ಹೆಂಡತಿ ನನಗೆ ಹೇಳಿಯೇ ಇರಲಿಲ್ಲ. ಆದರೆ ಬೇಡ ಎನ್ನುವ ಅವಕಾಶವೂ ನನಗೆ ಸಿಗಬೇಕಿತ್ತು. ಅದನ್ನೂ ಹೇಳಿದೆ. ‘ತಪ್ಪಾಯಿತು’ ಎಂದಳು. ನಾನೂ ಅಂದೆ.

ನಲವತ್ತು ಅಂಕಿಯ ಬೀಗವಿರಲಿ, ನಾಲ್ಕು ನೂರು ಅಂಕಿಯ ಬೀಗವಿರಲಿ, ಅದು ಹೊರಗಿನವರನ್ನು ತಡೆಯುತ್ತದೆ. ಮನೆಯವರ ನಡುವೆ ಕೆಲಸ ಮಾಡುವುದು ಒಂದೇ, ಕೇಳಿ ಇಡುವುದು. ಮಕ್ಕಳ ಚೀಲದಲ್ಲಿ ಬಿಲ್ಲೆ ಇಡುವ ಅಪ್ಪ ಅಮ್ಮಂದಿರಿಗೂ ಈ ಮಾತು ಸಲ್ಲುತ್ತದೆ. ಏನಿಟ್ಟಿದ್ದೇವೆ, ಏಕೆ ಇಟ್ಟಿದ್ದೇವೆ ಎಂದು ಮಗುವಿಗೆ ತಿಳಿಸಿ.

ಬಿಲ್ಲೆ ಈಗಲೂ ನನ್ನ ಚೀಲದಲ್ಲಿದೆ. ಒಳಜೇಬಿನ ತಳದಲ್ಲಲ್ಲ, ಹೊರಗೆ ಪಟ್ಟಿಗೆ ಕಟ್ಟಿದ್ದೇನೆ. ದೂರದೂರಿಗೆ ಹೊರಡುವ ದಿನ ನಾನೇ ಮಗಳಿಗೆ ಹೇಳುತ್ತೇನೆ, ‘ನೋಡುತ್ತಿರು.’